ಆರ್ಕಿಡ್ ಸಸ್ಯಗಳ ವರ್ಗೀಕರಣ: ಸಾರ್ವಜನಿಕರಿಗೆ ಹಾಗೂ ಅರ್ಜಿದಾರರಿಗೆ ಮಾಹಿತಿ

ಆರ್ಕಿಡ್ ಸಸ್ಯಗಳ ಬೆಳೆಸುವಿಕೆ, ಮಾರಾಟ, ಆಮದು ಅಥವಾ ರಫ್ತಿಗೆ ಸಂಬಂಧಿಸಿದ ಅರ್ಜಿಗಳಲ್ಲಿ ಸಸ್ಯದ ವೈಜ್ಞಾನಿಕ ಹೆಸರನ್ನು ನಮೂದಿಸಬೇಕಾಗುತ್ತದೆ. ಒಂದೇ ಸಸ್ಯಕ್ಕೆ ಹಲವು ಹೆಸರುಗಳು ಬಳಕೆಯಲ್ಲಿರುವುದರಿಂದ ಅರ್ಜಿದಾರರಿಗೆ ಗೊಂದಲ ಉಂಟಾಗುವುದು ಸಹಜ. ಸಸ್ಯವಿಜ್ಞಾನಿಗಳು ಈ ಸಸ್ಯಗಳನ್ನು ಹೇಗೆ ವರ್ಗೀಕರಿಸುತ್ತಾರೆ, ಹೆಸರುಗಳು ಏಕೆ ಬದಲಾಗುತ್ತವೆ ಹಾಗೂ ಕಾನೂನಿನಲ್ಲಿ ಹೆಸರಿಗೆ ಏನು ಮಹತ್ವವಿದೆ ಎಂಬುದನ್ನು ಈ ಕೆಳಗೆ ವಿವರಿಸಲಾಗಿದೆ.

1. ಆರ್ಕಿಡ್ ಎಂದರೇನು?

ಆರ್ಕಿಡ್‌ಗಳು ಏಕದಳ ಸಸ್ಯಗಳ ಗುಂಪಿಗೆ ಸೇರಿದ ಆರ್ಕಿಡೇಸಿ ಕುಟುಂಬದ ಸಸ್ಯಗಳು. ಪ್ರಪಂಚದಲ್ಲಿ ಈ ಕುಟುಂಬದ ಸುಮಾರು 28,000 ಪ್ರಭೇದಗಳಿವೆ. ಭಾರತೀಯ ಸಸ್ಯವೈಜ್ಞಾನಿಕ ಸರ್ವೇಕ್ಷಣೆಯು 2019ರಲ್ಲಿ ಪ್ರಕಟಿಸಿದ ಪಟ್ಟಿಯಂತೆ ಭಾರತದಲ್ಲಿ 1,256 ಪ್ರಭೇದಗಳಿದ್ದು, ಅವುಗಳಲ್ಲಿ 388 ಪ್ರಭೇದಗಳು ನಮ್ಮ ದೇಶಕ್ಕೆ ಮಾತ್ರ ಸೀಮಿತವಾಗಿವೆ.

ಈ ಕುಟುಂಬವನ್ನು ಗುರುತಿಸುವ ಮುಖ್ಯ ಲಕ್ಷಣಗಳು ಕೆಳಕಂಡಂತಿವೆ:

ಅ) ಕೇಸರ ಮತ್ತು ಶಲಾಕೆಗಳು ಪೂರ್ಣವಾಗಿ ಅಥವಾ ಭಾಗಶಃ ಕೂಡಿಕೊಂಡು ಒಂದೇ ಕಂಬದಂತಾಗಿರುತ್ತವೆ.
ಆ) ಮೂರು ದಳಗಳಲ್ಲಿ ಒಂದು ಸಾಮಾನ್ಯವಾಗಿ ಭಿನ್ನ ಆಕಾರದ 'ತುಟಿ'ಯಾಗಿರುತ್ತದೆ.
ಇ) ಬಹುತೇಕ ಪ್ರಭೇದಗಳಲ್ಲಿ ಪರಾಗವು ಪುಡಿಯಾಗಿರದೆ ಮುದ್ದೆಯ ರೂಪದಲ್ಲಿರುತ್ತದೆ.
ಈ) ಬೀಜಗಳು ಧೂಳಿನಷ್ಟು ಸಣ್ಣವು. ಅವುಗಳಲ್ಲಿ ಮೊಳಕೆಗೆ ಬೇಕಾದ ಆಹಾರ ಸಂಗ್ರಹವಿಲ್ಲದ ಕಾರಣ ನಿಸರ್ಗದಲ್ಲಿ ಮೊಳೆಯಲು ಶಿಲೀಂಧ್ರದ ನೆರವು ಅಗತ್ಯ.

ಮರದ ಮೇಲೆ ಬೆಳೆಯುವ ಆರ್ಕಿಡ್‌ಗಳನ್ನು ಹಲವರು ಬಂದಣಿಕೆ ಎಂದು ಭಾವಿಸಿ ಕಿತ್ತುಹಾಕುವುದುಂಟು. ಬಂದಣಿಕೆಯು ಮರದ ಒಳಗೆ ಬೇರಿಳಿಸಿ ಆಹಾರಾಂಶ ಹೀರುವ ಪರಾವಲಂಬಿ. ಆರ್ಕಿಡ್ ಮರವನ್ನು ಆಸರೆಯಾಗಿ ಮಾತ್ರ ಬಳಸುತ್ತದೆ. ಅದರಿಂದ ಮರಕ್ಕೆ ಹಾನಿಯಿಲ್ಲ.

2. ವರ್ಗೀಕರಣದ ಹಂತಗಳು

ಉದಾಹರಣೆಗೆ, ನಮ್ಮ ಮಲೆನಾಡಿನ ಜನರಿಗೆ ಪರಿಚಿತವಾದ ಸೀತಾಳೆ ದಂಡೆಯ ಸ್ಥಾನ ಹೀಗಿದೆ:

ಗಣ: ಆಸ್ಪರಾಗೇಲ್ಸ್
ಕುಟುಂಬ: ಆರ್ಕಿಡೇಸಿ
ಉಪಕುಟುಂಬ: ಎಪಿಡೆಂಡ್ರಾಯ್ಡೀ
ಪಂಗಡ: ವ್ಯಾಂಡೀ
ಜಾತಿ: ರಿಂಕೋಸ್ಟೈಲಿಸ್
ಪ್ರಭೇದ: ರಿಂಕೋಸ್ಟೈಲಿಸ್ ರೆಟ್ಯೂಸಾ

ಕೊನೆಯ ಸಾಲಿನಲ್ಲಿರುವ ಎರಡು ಪದಗಳ ಹೆಸರೇ ಸಸ್ಯದ ಪೂರ್ಣ ವೈಜ್ಞಾನಿಕ ಹೆಸರು.

3. ವರ್ಗೀಕರಣ ಬೆಳೆದುಬಂದ ಬಗೆ

ಲಿನೇಯಸ್ 1753ರಲ್ಲಿ ಸಸ್ಯಗಳನ್ನು ಕೇಸರಗಳ ಸಂಖ್ಯೆ ಮತ್ತು ಜೋಡಣೆಯ ಆಧಾರದ ಮೇಲೆ ವಿಂಗಡಿಸಿದರು. ಕೇಸರವು ಶಲಾಕೆಯೊಂದಿಗೆ ಕೂಡಿರುವ ಸಸ್ಯಗಳನ್ನೆಲ್ಲ ಅವರು ಒಂದೇ ವರ್ಗದಲ್ಲಿಟ್ಟರು. ಇದರಿಂದಾಗಿ ಆರ್ಕಿಡ್‌ಗಳ ಜೊತೆಗೆ ಈಶ್ವರಿ ಬಳ್ಳಿಯ ಜಾತಿಯೂ ಅದೇ ವರ್ಗಕ್ಕೆ ಸೇರಿತು. ಇವೆರಡಕ್ಕೂ ಹತ್ತಿರದ ಸಂಬಂಧವಿಲ್ಲ. ಒಂದೇ ಲಕ್ಷಣವನ್ನು ನಂಬಿದರೆ ಆಗುವ ತಪ್ಪಿಗೆ ಇದು ನಿದರ್ಶನ.

ಹತ್ತೊಂಬತ್ತನೆಯ ಶತಮಾನದಲ್ಲಿ ಜಾನ್ ಲಿಂಡ್ಲೆ ಅವರು ಪರಾಗಕೋಶಗಳ ಸಂಖ್ಯೆ ಹಾಗೂ ಪರಾಗ ಮುದ್ದೆಯ ಸ್ವರೂಪವನ್ನು ಆಧರಿಸಿ ಆರ್ಕಿಡ್‌ಗಳನ್ನು ವಿಂಗಡಿಸಿದರು. ಈ ಕ್ರಮ ದೀರ್ಘಕಾಲ ಬಳಕೆಯಲ್ಲಿತ್ತು. 1990ರ ದಶಕದಿಂದ ಡಿಎನ್‌ಎ ಅಧ್ಯಯನಗಳು ಆರಂಭವಾದ ಬಳಿಕ ಬಾಹ್ಯ ಲಕ್ಷಣಗಳೊಂದಿಗೆ ವಂಶಸಂಬಂಧವನ್ನೂ ಪರಿಶೀಲಿಸಲಾಗುತ್ತಿದೆ. ಒಂದೇ ಪೂರ್ವಜನಿಂದ ಬಂದ ಸಸ್ಯಗಳೆಲ್ಲವೂ ಒಂದೇ ಗುಂಪಿನಲ್ಲಿರಬೇಕು ಎಂಬುದು ಈಗಿನ ನಿಯಮ.

4. ಐದು ಉಪಕುಟುಂಬಗಳು

ಅ) ಅಪೊಸ್ಟೇಸಿಯಾಯ್ಡೀ: ಎರಡು ಅಥವಾ ಮೂರು ಕೇಸರಗಳಿರುವ ಚಿಕ್ಕ ಗುಂಪು. ಉಳಿದೆಲ್ಲ ಆರ್ಕಿಡ್‌ಗಳಿಗಿಂತ ಮೊದಲು ಕವಲೊಡೆದ ಶಾಖೆ.
ಆ) ವೆನಿಲ್ಲಾಯ್ಡೀ: ವೆನಿಲ್ಲಾ ಬಳ್ಳಿ ಇದಕ್ಕೆ ಸೇರುತ್ತದೆ.
ಇ) ಸಿಪ್ರಿಪೀಡಿಯಾಯ್ಡೀ: ಎರಡು ಫಲವಂತ ಕೇಸರಗಳಿದ್ದು, ತುಟಿಯು ಪಾದರಕ್ಷೆಯ ಆಕಾರದಲ್ಲಿರುತ್ತದೆ. ಪಶ್ಚಿಮ ಘಟ್ಟದ ದಕ್ಷಿಣ ತುದಿಯ ಪ್ಯಾಫಿಯೊಪೆಡಿಲಮ್ ಡ್ರೂರಿ ಈ ಗುಂಪಿನದು.
ಈ) ಆರ್ಕಿಡಾಯ್ಡೀ: ಬಹುತೇಕ ನೆಲದಲ್ಲಿ ಬೆಳೆಯುವ ಆರ್ಕಿಡ್‌ಗಳು. ಮಳೆಗಾಲದಲ್ಲಿ ಘಟ್ಟದ ಹುಲ್ಲುಗಾವಲುಗಳಲ್ಲಿ ಕಾಣುವ ಹ್ಯಾಬನೇರಿಯಾ ಇದಕ್ಕೆ ಉದಾಹರಣೆ.
ಉ) ಎಪಿಡೆಂಡ್ರಾಯ್ಡೀ: ಅತ್ಯಂತ ದೊಡ್ಡ ಗುಂಪು. ಡೆಂಡ್ರೋಬಿಯಮ್, ವ್ಯಾಂಡಾ, ಸಿಂಬಿಡಿಯಮ್, ಫೆಲನಾಪ್ಸಿಸ್ ಮೊದಲಾದವು ಇಲ್ಲಿವೆ.

ವೆನಿಲ್ಲಾಕ್ಕೆ ಒಂದೇ ಕೇಸರವಿರುವುದರಿಂದ ಅದನ್ನು ಹಿಂದೆ ಎಪಿಡೆಂಡ್ರಾಯ್ಡೀ ಗುಂಪಿನಲ್ಲಿ ಇರಿಸಲಾಗಿತ್ತು. ಅದು ಬಹಳ ಹಿಂದೆಯೇ ಬೇರ್ಪಟ್ಟ ಪ್ರತ್ಯೇಕ ಶಾಖೆ ಎಂದು ಡಿಎನ್‌ಎ ಅಧ್ಯಯನಗಳು ತೋರಿಸಿಕೊಟ್ಟವು.

5. ಸಂಬಂಧಿ ಸಸ್ಯಗಳು

ಆಸ್ಪರಾಗೇಲ್ಸ್ ಗಣದಲ್ಲಿ ಆರ್ಕಿಡ್‌ಗಳ ಜೊತೆಗೆ ಈರುಳ್ಳಿ, ಬೆಳ್ಳುಳ್ಳಿ, ಶತಾವರಿ, ಲೋಳೆಸರ, ಕತ್ತಾಳೆ, ಸುಗಂಧರಾಜ ಹಾಗೂ ಕೇಸರಿ ಸಸ್ಯಗಳೂ ಸೇರಿವೆ. ಇವು ಆರ್ಕಿಡ್‌ಗಳ ದೂರದ ಬಂಧುಗಳು. ಇವುಗಳ ಕುಟುಂಬಗಳು ಬೇರೆ. ಆದುದರಿಂದ ಆರ್ಕಿಡೇಸಿ ಕುಟುಂಬಕ್ಕೆ ಅನ್ವಯಿಸುವ ನಿಯಮಗಳು ಕೇವಲ ಈ ಸಂಬಂಧದ ಕಾರಣದಿಂದ ಇವುಗಳಿಗೆ ಅನ್ವಯಿಸುವುದಿಲ್ಲ.

6. ಹೆಸರು ಬದಲಾಗುವುದೇಕೆ?

ಲಿನೇಯಸ್ ಅವರು ಸೀತಾಳೆ ದಂಡೆಗೆ 1753ರಲ್ಲಿ ಎಪಿಡೆಂಡ್ರಮ್ ರೆಟ್ಯೂಸಮ್ ಎಂದು ಹೆಸರಿಟ್ಟಿದ್ದರು. ಬ್ಲೂಮ್ ಅವರು 1825ರಲ್ಲಿ ಅದನ್ನು ರಿಂಕೋಸ್ಟೈಲಿಸ್ ಜಾತಿಗೆ ಸೇರಿಸಿದರು. ಜಾತಿ ಬದಲಾದರೂ ಪ್ರಭೇದದ ಮೂಲ ಪದವನ್ನು ಉಳಿಸಿಕೊಳ್ಳಲಾಯಿತು. ಇತ್ತೀಚಿನ ಉದಾಹರಣೆಯೆಂದರೆ ಆಸ್ಕೊಸೆಂಟ್ರಮ್ ಜಾತಿ. ಇದನ್ನು 2012ರಲ್ಲಿ ವ್ಯಾಂಡಾ ಜಾತಿಯಲ್ಲಿ ವಿಲೀನಗೊಳಿಸಲಾಗಿದ್ದು, ಆಸ್ಕೊಸೆಂಟ್ರಮ್ ಆಂಪುಲೇಸಿಯಮ್ ಈಗ ವ್ಯಾಂಡಾ ಆಂಪುಲೇಸಿಯಾ ಆಗಿದೆ. ಇಂತಹ ಬದಲಾವಣೆಯಿಂದ ಸಸ್ಯವು ಬೇರೆಯಾಗುವುದಿಲ್ಲ. ಅದರ ಬಂಧುತ್ವದ ಬಗೆಗಿನ ತಿಳಿವಳಿಕೆ ಮಾತ್ರ ಸುಧಾರಿಸಿರುತ್ತದೆ.

7. ಕಾನೂನಿನಲ್ಲಿ ವರ್ಗೀಕರಣದ ಮಹತ್ವ

ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಕುರಿತ ಸೈಟಿಸ್ ಒಪ್ಪಂದಕ್ಕೆ ಭಾರತವು 1976ರಲ್ಲಿ ಸೇರಿದೆ. ಈ ಒಪ್ಪಂದದ ಎರಡನೆಯ ಅನುಬಂಧದಲ್ಲಿ ಆರ್ಕಿಡೇಸಿ ಕುಟುಂಬವನ್ನು ಒಟ್ಟಾಗಿ ಸೇರಿಸಲಾಗಿದೆ. ಪ್ಯಾಫಿಯೊಪೆಡಿಲಮ್ ಜಾತಿ, ಕೆಂಪು ವ್ಯಾಂಡಾ ಹಾಗೂ ಇತರ ಕೆಲವು ಆರ್ಕಿಡ್‌ಗಳು ಹೆಚ್ಚು ಕಟ್ಟುನಿಟ್ಟಿನ ಮೊದಲನೆಯ ಅನುಬಂಧದಲ್ಲಿವೆ. ಕೃತಕವಾಗಿ ಬೆಳೆಸಿದ ವೆನಿಲ್ಲಾ ಸಸ್ಯದ ಕಾಯಿಗಳಿಗೆ ವಿನಾಯಿತಿ ಇದೆ.

ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ಅನುಸೂಚಿಯಲ್ಲಿ ನಿರ್ದಿಷ್ಟಪಡಿಸಿದ ಸಸ್ಯಗಳಲ್ಲಿ ನೀಲಿ ವ್ಯಾಂಡಾ, ಕೆಂಪು ವ್ಯಾಂಡಾ ಹಾಗೂ ಪ್ಯಾಫಿಯೊಪೆಡಿಲಮ್ ಸೇರಿವೆ. ಇವುಗಳನ್ನು ಅರಣ್ಯದಿಂದ ಕೀಳುವುದು ನಿಷಿದ್ಧ. ಪರವಾನಗಿಯಿಲ್ಲದೆ ಇವುಗಳನ್ನು ಬೆಳೆಸುವಂತಿಲ್ಲ, ವ್ಯಾಪಾರವನ್ನೂ ಮಾಡುವಂತಿಲ್ಲ. 2022ರ ತಿದ್ದುಪಡಿಯ ನಂತರ ಈ ಪಟ್ಟಿಯು ಮೂರನೆಯ ಅನುಸೂಚಿಯಲ್ಲಿದೆ.

ಈ ಎರಡು ಪಟ್ಟಿಗಳು ಒಂದೇ ಅಲ್ಲ. ನೀಲಿ ವ್ಯಾಂಡಾವನ್ನು 2005ರಲ್ಲಿ ಸೈಟಿಸ್‌ನ ಎರಡನೆಯ ಅನುಬಂಧಕ್ಕೆ ವರ್ಗಾಯಿಸಲಾಯಿತು. ಆದರೂ ದೇಶದ ಕಾಯ್ದೆಯಲ್ಲಿ ಅದರ ರಕ್ಷಣೆ ಮುಂದುವರಿದಿದೆ.

8. ಅರ್ಜಿದಾರರ ಗಮನಕ್ಕೆ

ಅ) ಅರ್ಜಿಯಲ್ಲಿ 'ಆರ್ಕಿಡ್' ಎಂದಷ್ಟೇ ಬರೆಯದೆ ಜಾತಿ ಮತ್ತು ಪ್ರಭೇದ ಎರಡನ್ನೂ ನಮೂದಿಸುವುದು ಸೂಕ್ತ.
ಆ) ಹೆಸರು ಬದಲಾಗಿದ್ದಲ್ಲಿ ಹಳೆಯ ಹೆಸರನ್ನೂ ಜೊತೆಗೆ ಬರೆಯತಕ್ಕದ್ದು. ಹಳೆಯ ಬಿಲ್ಲು ಮತ್ತು ಹೊಸ ಅರ್ಜಿಯಲ್ಲಿ ಬೇರೆ ಬೇರೆ ಹೆಸರುಗಳಿದ್ದರೆ ಎರಡು ಸಸ್ಯಗಳೆಂಬ ಸಂಶಯಕ್ಕೆ ಎಡೆಯಾಗುತ್ತದೆ.
ಇ) ಮಿಶ್ರತಳಿಯಾಗಿದ್ದಲ್ಲಿ ಹಾಗೆಂದು ತಿಳಿಸಿ, ಗೊತ್ತಿರುವ ತಾಯಿ ಮತ್ತು ತಂದೆ ಪ್ರಭೇದಗಳನ್ನು ನಮೂದಿಸುವುದು.
ಈ) ಸಸ್ಯವನ್ನು ಖರೀದಿಸಿದ ನರ್ಸರಿಯ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವುದು. ಕಾಡಿನಿಂದ ತಂದ ಗಿಡ ಮತ್ತು ನರ್ಸರಿಯಲ್ಲಿ ಬೆಳೆದ ಗಿಡದ ಹೆಸರು ಒಂದೇ ಆಗಿರಬಹುದು. ಕಾನೂನಿನ ದೃಷ್ಟಿಯಲ್ಲಿ ಅವೆರಡೂ ಒಂದೇ ಅಲ್ಲ.
ಉ) ಹೂವಿಲ್ಲದ ಕಾಲದಲ್ಲಿ ಪ್ರಭೇದ ಗುರುತಿಸುವುದು ಕಷ್ಟ. ಆದ್ದರಿಂದ ಹೂ ಬಿಟ್ಟಾಗ ತೆಗೆದ ಛಾಯಾಚಿತ್ರವನ್ನು ಇಟ್ಟುಕೊಂಡಿದ್ದರೆ ಗುರುತಿಸಲು ಅನುಕೂಲವಾಗುತ್ತದೆ.

ಸೂಚನೆ: ಈ ವಿವರಗಳನ್ನು ಸಾರ್ವಜನಿಕರ ಸಾಮಾನ್ಯ ತಿಳಿವಳಿಕೆಗಾಗಿ ನೀಡಲಾಗಿದೆ. ಕಾನೂನಿನ ವಿಷಯದಲ್ಲಿ ಕಾಯ್ದೆ ಹಾಗೂ ಅಧಿಸೂಚನೆಗಳ ಮೂಲ ಪಠ್ಯವೇ ಅಂತಿಮವಾಗಿರುತ್ತದೆ.