ಶ್ರಮಜೀವಿಯ ದುರಂತನಾಟಕ: ಮುಂಬಯಿಯಲ್ಲಿ ಅದರ ಓದು ಮತ್ತು ಅಭ್ಯಾಸ

ಅರಸರೂ ವೀರರೂ ಅಲ್ಲದ, ದಿನಗೂಲಿಯಿಂದಲೋ ತಿಂಗಳ ಸಂಬಳದಿಂದಲೋ ಸಂಸಾರ ಸಾಗಿಸುವ ಸಾಮಾನ್ಯರ ಪತನವನ್ನು ಗಂಭೀರ ವಸ್ತುವಾಗಿ ಅಂಗೀಕರಿಸಿದ ಆಧುನಿಕ ರಂಗಕೃತಿಗಳನ್ನು ಈ ಹೆಸರಿನಿಂದ ಕರೆಯಬಹುದು. ಯುರೋಪ್ ಮತ್ತು ಅಮೆರಿಕೆಗಳಲ್ಲಿ ಇದರ ವಿಕಾಸವು ಸುಪರಿಚಿತವಾದುದು. ಸಿಲೇಸಿಯಾದ ನೇಕಾರರ 1844ರ ದಂಗೆಯನ್ನು ಆಧರಿಸಿ ಗೆರ್ಹಾರ್ಟ್ ಹೌಪ್ಟ್‌ಮನ್ ರಚಿಸಿದ 'ನೇಕಾರರು' (1892), ಬೆಸ್ತರ ಮನೆಯೊಂದರ ಶೋಕವನ್ನು ಒಂದೇ ಅಂಕದಲ್ಲಿ ತುಂಬಿದ ಸಿಂಜ್‌ನ 'ರೈಡರ್ಸ್ ಟು ದ ಸೀ' (1904), ಆರ್ಥರ್ ಮಿಲ್ಲರನ 'ಡೆತ್ ಆಫ್ ಎ ಸೇಲ್ಸ್‌ಮನ್' (1949), ಮತ್ತು ಸಾಮಾನ್ಯ ಮನುಷ್ಯನೂ ಅರಸನಷ್ಟೇ ದುರಂತಕ್ಕೆ ಅರ್ಹನೆಂದು ಅದೇ ವರ್ಷ ಆತನೇ ಮಂಡಿಸಿದ ಪ್ರಬಂಧ, ಇವು ಈ ಪ್ರಕಾರದ ಮುಖ್ಯ ಘಟ್ಟಗಳು.

ಮುಂಬಯಿಯ ವಿಷಯದಲ್ಲಿ ಗೊಂದಲವು ಹೆಸರಿನಿಂದಲೇ ಆರಂಭವಾಗುತ್ತದೆ. ಇಲ್ಲಿನ ಕನ್ನಡ ಓದುಗನ ಮುಂದೆ ನಾಲ್ಕು ಶಬ್ದಗಳಿವೆ: ಬಳಕೆಯಲ್ಲಿ ಗೆದ್ದು ನಿಂತ 'ದುರಂತ', ಬಿ. ಎಂ. ಶ್ರೀಕಂಠಯ್ಯನವರ ಕಾಲದಿಂದ ಪ್ರಚುರವಾದ 'ರುದ್ರನಾಟಕ', ಎಸ್. ವಿ. ರಂಗಣ್ಣನವರು ತಮ್ಮ 'ಪಾಶ್ಚಾತ್ಯ ಗಂಭೀರ ನಾಟಕಗಳು' ಎಂಬ ಗ್ರಂಥದ ಹೆಸರಿನಲ್ಲಿಯೇ ಇರಿಸಿದ 'ಗಂಭೀರ ನಾಟಕ', ಮತ್ತು ನೆರೆಯ ಮರಾಠಿಯಿಂದ ಕಿವಿಗೆ ಬೀಳುತ್ತಲೇ ಇರುವ 'ಶೋಕಾಂತಿಕಾ'. ರೈಲು ಹಳಿ ತಪ್ಪಿದರೂ ಕಟ್ಟಡ ಕುಸಿದರೂ ವೃತ್ತಪತ್ರಿಕೆಯು 'ದುರಂತ'ವೆಂದೇ ಬರೆಯುವುದರಿಂದ ಆ ಶಬ್ದದಲ್ಲಿ ಆಕಸ್ಮಿಕದ ಅರ್ಥ ಮುಂದಾಗಿ ವಿವೇಚನೆಯ ಅರ್ಥ ಹಿಂದಾಗಿದೆ. ಅದಕ್ಕಿಂತಲೂ ಮುಖ್ಯವಾದ ತೊಡಕೊಂದುಂಟು. ದುರಂತ, ಶೋಕಾಂತಿಕಾ ಎಂಬೆರಡೂ ಪದಗಳು 'ಅಂತ'ವೊಂದನ್ನು ಪೂರ್ವಭಾವಿಯಾಗಿ ಒಪ್ಪಿಕೊಳ್ಳುತ್ತವೆ. ಮುಂಬಯಿಯ ಕಾರ್ಮಿಕನ ಕಥೆಗಾದರೋ, ಮುಂದೆ ಕಾಣುವಂತೆ, ಅಂತವೆಂಬುದೇ ದೊರೆಯಲಿಲ್ಲ.

ನಗರದ ಕಾರ್ಮಿಕರಂಗಭೂಮಿಯ ಮೊದಲ ನೆಲೆ ಗಿರಣಗಾಂವ್, ಅಂದರೆ ಪರೇಲ್, ಲಾಲಬಾಗ್, ವರಳಿಗಳ ಗಿರಣಿಪ್ರದೇಶ. ಎನ್. ಎಂ. ಜೋಶಿಯವರು 1911ರಲ್ಲಿ ಸ್ಥಾಪಿಸಿದ ಸೋಷಿಯಲ್ ಸರ್ವಿಸ್ ಲೀಗಿನ ಆಶ್ರಯದಲ್ಲಿ ಪರೇಲಿನ ದಾಮೋದರ ಸಭಾಗೃಹವು ಅಲ್ಲಿಯ ಜನರ ಸ್ವಂತ ನಾಟಕಶಾಲೆಯಾಯಿತು. ಮಾಮಾ ವರೇರಕರರು 1932ರ 'ಸೋನ್ಯಾಚಾ ಕಳಸ್' ನಾಟಕದಲ್ಲಿ ಗಿರಣಿಯ ಧಣಿ ಮತ್ತು ಆಳುಗಳ ಸಂಘರ್ಷವನ್ನು ವೃತ್ತಿರಂಗಭೂಮಿಗೆ ತಂದರು. 1943ರಲ್ಲಿ ಭಾರತೀಯ ಜನನಾಟ್ಯ ಸಂಘ (ಇಪ್ಟಾ) ಮುಂಬಯಿಯಲ್ಲಿಯೇ ಜನ್ಮ ತಾಳಿತು. ಮರುವರ್ಷ ಅಣ್ಣಾಭಾವೂ ಸಾಠೆ, ಅಮರ್ ಶೇಖ್, ಗವಾಣಕರರ ಲಾಲ್ ಬಾವಟಾ ಕಲಾಪಥಕವು ತಮಾಷಾ ಎಂಬ ಮರಾಠಿ ಜಾನಪದ ರಂಗಪ್ರಕಾರದ ಚೌಕಟ್ಟಿನಲ್ಲಿ ಶ್ರಮಿಕರ ಬದುಕನ್ನು ಆಡಿ ತೋರಿಸತೊಡಗಿತು. ಇವೆಲ್ಲವನ್ನೂ ಒಂದೇ ಪಂಕ್ತಿಯಲ್ಲಿ ಕೂಡಿಸಿ ದುರಂತನಾಟಕದ ಪೂರ್ವಸೂರಿಗಳೆಂದು ಬರೆಯುವ ವಾಡಿಕೆಯುಂಟಾದರೂ ಅದು ಸಮಂಜಸವಲ್ಲ. ಗಿರಣಿಯ ಭೋಂಗಾ, ಅಂದರೆ ಸೈರನ್, ಕೂಗುತ್ತಿದ್ದ ಕಾಲದಲ್ಲಿ ರಂಗದ ಮೇಲಿನ ಕಾರ್ಮಿಕನು ನಗುತ್ತಿದ್ದನು, ಹಾಡುತ್ತಿದ್ದನು, ಸಂಘಟಿತರಾಗಿರೆಂದು ನೆರೆದವರನ್ನು ಕರೆಯುತ್ತಿದ್ದನು. ದುರಂತದ ಗಾಂಭೀರ್ಯವು ಆತನಿಗೆ ಪ್ರಾಪ್ತವಾದದ್ದು ಭೋಂಗಾ ನಿಂತ ಮೇಲೆಯೇ.

ಪಾಶ್ಚಾತ್ಯ ಕೃತಿಗಳ ವ್ಯವಸ್ಥಿತವಾದ ಓದು ನಗರದ ದಕ್ಷಿಣ ಭಾಗದಲ್ಲಿ, ಇಂಗ್ಲಿಷ್ ಬಲ್ಲವರ ನಡುವೆ ಬೆಳೆಯಿತು. ಇಬ್ರಾಹಿಂ ಅಲ್ಕಾಜಿಯವರ ಥಿಯೇಟರ್ ಯೂನಿಟ್ ಇದರ ಕೇಂದ್ರ. ಧಾರವಾಡದಲ್ಲಿ ಪದವಿ ಮುಗಿಸಿ ಸ್ನಾತಕೋತ್ತರ ವ್ಯಾಸಂಗಕ್ಕೆಂದು ಮುಂಬಯಿಗೆ ಬಂದಿದ್ದ ಗಿರೀಶ ಕಾರ್ನಾಡರು ಅಲ್ಕಾಜಿ ನಿರ್ದೇಶಿಸಿದ ಸ್ಟ್ರಿಂಡ್‌ಬರ್ಗನ 'ಮಿಸ್ ಜೂಲಿ'ಯನ್ನು ಕಂಡು ತತ್ತರಿಸಿದುದನ್ನೂ, ದೀಪಗಳು ಮೆಲ್ಲಮೆಲ್ಲನೆ ಮಂದವಾಗಿ ಮತ್ತೆ ಬೆಳಗುವ ತಂತ್ರಕ್ಕೆ ಬೆರಗಾದುದನ್ನೂ ತಾವೇ ಬರೆದಿದ್ದಾರೆ. ಆ ನಾಟಕ ನಡೆಯುವುದು ಅಡುಗೆಮನೆಯಲ್ಲಿ. ಅದರ ಮೂರು ಪಾತ್ರಗಳಲ್ಲಿ ಒಬ್ಬನು ಸೇವಕ, ಒಬ್ಬಳು ಅಡುಗೆಯಾಕೆ. ಕಾರ್ನಾಡರು ಆ ಬಳಿಕ ರಚಿಸಿದ 'ಯಯಾತಿ' (1961) ಪುರಾಣದ ಅರಸನನ್ನು ಕುರಿತದ್ದೆಂಬುದನ್ನು ಗಮನಿಸಿದರೆ, ಈ ಪ್ರಭಾವವು ವಸ್ತುವಿಗಿಂತ ತೀವ್ರತೆಯಲ್ಲಿ ಸಂಕ್ರಮಿಸಿತೆನ್ನಬೇಕು.

ಕನ್ನಡಿಗರ ಓದಿಗೆ ಮತ್ತೊಂದು ನೆಲೆಯೂ ಇತ್ತು. ಕರಾವಳಿಯಿಂದ ಎಳವೆಯಲ್ಲಿಯೇ ಬಂದು ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಪುಸ್ತಕ ಬಿಡಿಸಿದವರು, ವಾರ್ಷಿಕೋತ್ಸವದ ನಾಟಕಗಳಲ್ಲಿ ಬಣ್ಣ ಹಚ್ಚಿದವರು, ಮಾಟುಂಗಾದ ಮೈಸೂರು ಅಸೋಸಿಯೇಷನ್ (1926), ಮಾಹಿಮಿನ ಕರ್ನಾಟಕ ಸಂಘ (1933) ಮೊದಲಾದ ಸಂಸ್ಥೆಗಳ ರಂಗಮಂದಿರಗಳನ್ನು ತುಂಬಿದವರು, ಸ್ವತಃ ಶ್ರಮಜೀವಿಗಳು. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಿಂದಲೇ ಈ ಅಭ್ಯಾಸವನ್ನು ಎಣಿಸತೊಡಗಿದರೆ ಈ ಓದುಗವರ್ಗವು ಚರಿತ್ರೆಯಿಂದ ಜಾರಿಹೋಗುತ್ತದೆ, ಅದು ದೊಡ್ಡ ಅನ್ಯಾಯ. ಮುಂಬಯಿಯಲ್ಲಿ ನೆಲೆಸಿದ್ದ ವ್ಯಾಸರಾಯ ಬಲ್ಲಾಳರು ಇಬ್ಸೆನ್ನನ 'ಎ ಡಾಲ್ಸ್ ಹೌಸ್' ನಾಟಕವನ್ನು 'ಗಿಳಿಯು ಪಂಜರದೊಳಿಲ್ಲ' ಎಂದು ಕನ್ನಡಕ್ಕೆ ತಂದರು. ಅದರ ನಾಯಕಿ ಸಾಲ ತೀರಿಸಲು ರಾತ್ರಿಯೆಲ್ಲ ಕುಳಿತು ಪ್ರತಿ ಬರೆದು ಕೊಡುವವಳು. ಗೃಹಿಣಿಯ ಬಿಡುಗಡೆಯನ್ನಷ್ಟೇ ಕಾಣುವ ಓದಿನಲ್ಲಿ ಈ ಗುಪ್ತಶ್ರಮವು ಗಮನಕ್ಕೆ ಬಾರದು. ಕಾರ್ಮಿಕ ಹೋರಾಟವನ್ನೇ ವಸ್ತುವಾಗಿಸಿಕೊಂಡು ಬಲ್ಲಾಳರು ಬರೆದ 'ಬಂಡಾಯ'ಕ್ಕೆ 1986ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು, ಅದಾದರೋ ಕಾದಂಬರಿ.

ಮರಾಠಿ ರಂಗಭೂಮಿಗೆ ಮರಳಿದರೆ, 1972ರ 'ಸಖಾರಾಮ ಬೈಂಡರ್' ಈ ಪ್ರಕಾರಕ್ಕೆ ಸೇರುವುದೇ ಎಂಬುದು ವಿವಾದಾಸ್ಪದ. ವಿಜಯ ತೆಂಡೂಲ್ಕರರ ನಾಯಕನು ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸಗಾರ. ಕಮಲಾಕರ ಸಾರಂಗರ ಪ್ರಯೋಗವನ್ನು ಸೆನ್ಸಾರು ಮಂಡಳಿ ತಡೆದು, ವ್ಯಾಜ್ಯವು ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಹೋಗಿ, ನಾಟಕಕ್ಕೆ ಜಯವಾಯಿತು. ಆದರೆ ಶ್ಲೀಲಾಶ್ಲೀಲದ ಚರ್ಚೆಯ ಧೂಳಿನಲ್ಲಿ ಆತನ ಕಸುಬು ಮರೆಯಾಯಿತು. ಕೊಲೆಯವರೆಗೆ ಸಾಗುವ ಆ ಕ್ರೌರ್ಯವು ವ್ಯಕ್ತಿಯ ಸ್ವಭಾವವೇ, ಬಡ ದುಡಿಮೆಗಾರನ ಮನೆಯೊಳಗಿನ ಅಧಿಕಾರದಾಹವೇ ಎಂಬ ಪ್ರಶ್ನೆಗೆ ಈಗಲೂ ಎರಡು ಪಕ್ಷಗಳಿವೆ. ಎರಡನೆಯದನ್ನು ಬಿಟ್ಟು ಈ ನಾಟಕವನ್ನು ಪೂರ್ಣವಾಗಿ ಓದಲಾಗದು.

ನಿಜವಾದ ತಿರುವು 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಆರಂಭವಾದ ಗಿರಣಿ ಮುಷ್ಕರದಲ್ಲಿದೆ. ಸುಮಾರು 2.5 ಲಕ್ಷ ಕಾರ್ಮಿಕರು ಹೊರಬಂದರು. ಮುಷ್ಕರವು ವಿಧ್ಯುಕ್ತವಾಗಿ ಹಿಂತೆಗೆಯಲ್ಪಡಲೇ ಇಲ್ಲ. ಅದರ ನಾಟಕಕ್ಕಾಗಿ 15 ವರ್ಷ ಕಾಯಬೇಕಾಯಿತು. ಗಿರಣಗಾಂವಿನಲ್ಲಿಯೇ ಬೆಳೆದ ಜಯಂತ ಪವಾರರ 'ಅಧಾಂತರ್' 1997ರಲ್ಲಿ ಬಂದಾಗ ಅದರಲ್ಲಿ ಘೋಷಣೆಗಳಿರಲಿಲ್ಲ, ಮೆರವಣಿಗೆಯಿರಲಿಲ್ಲ. ಚಾಳಿನ ಒಂದು ಕೋಣೆ, ಸಂಸಾರವನ್ನು ಹಿಡಿದಿಡಲು ಹೆಣಗುವ ತಾಯಿ, ಕೆಲಸವಿಲ್ಲದೆ ಒಬ್ಬೊಬ್ಬನೂ ಒಂದೊಂದು ದಾರಿಗೆ ಬಿದ್ದ ಮಕ್ಕಳು, ಅವರಲ್ಲೊಬ್ಬನನ್ನು ಸೆಳೆದುಕೊಳ್ಳುವ ಪಾತಕಲೋಕ. ಹೌಪ್ಟ್‌ಮನ್ನನ ನಾಟಕದಲ್ಲಿ ದಂಗೆಗೆ ಸೇರಲೊಲ್ಲದೆ ಮಗ್ಗದ ಮುಂದೆ ಕುಳಿತ ಮುದುಕನೇ ದಾರಿ ತಪ್ಪಿದ ಗುಂಡಿಗೆ ಬಲಿಯಾಗುವಂತೆ, ಇಲ್ಲಿಯೂ ಪೆಟ್ಟು ಬೀಳುವುದು ಹೋರಾಟದ ಕಣದ ಹೊರಗೆ ಉಳಿದವರ ಮೇಲೆ. ನಾಟಕದ ಹೆಸರಿನ ಅರ್ಥ ನೆಲವನ್ನೂ ಮುಟ್ಟದೆ ಆಸರೆಯೂ ಇಲ್ಲದೆ ನಡುವೆ ತೂಗಾಡುವ ಸ್ಥಿತಿ, ನಮ್ಮ ತ್ರಿಶಂಕುವಿಗೆ ಸಮೀಪವಾದುದು. 'ಅಂತ'ವನ್ನು ಬಯಸುವ ನಮ್ಮ ಲಕ್ಷಣಪದಗಳಿಗೆ ಈ ಶೀರ್ಷಿಕೆಯೇ ಒಂದು ಪ್ರತ್ಯುತ್ತರದಂತಿದೆ. ರಂಗಣ್ಣನವರ 'ಗಂಭೀರ ನಾಟಕ'ವೇ ಇದಕ್ಕೆ ಹೆಚ್ಚು ಒಪ್ಪುವ ಹೆಸರೆಂದು ತೋರುತ್ತದೆ.

ತರುವಾಯದ ದಾಖಲೆ ವಿಪುಲವಾಗಿದೆ. ನೀರಾ ಅಡಾರ್‌ಕರ್ ಮತ್ತು ಮೀನಾ ಮೆನನ್ 2004ರಲ್ಲಿ ಪ್ರಕಟಿಸಿದ ಗಿರಣಗಾಂವಿನ ಮೌಖಿಕ ಚರಿತ್ರೆಯು ನಾಟಕದ ಓದಿಗೆ ಕಾರ್ಮಿಕರ ಸ್ವಂತ ಮಾತುಗಳ ಆಧಾರವನ್ನು ಒದಗಿಸಿತು. ರಾಮು ರಾಮನಾಥನ್ ಬರೆದು ಸುನಿಲ್ ಶಾನಭಾಗ್ ನಿರ್ದೇಶಿಸಿದ 'ಕಾಟನ್ 56, ಪಾಲಿಯೆಸ್ಟರ್ 84' (2006) ಇಬ್ಬರು ಹಳೆಯ ಗಿರಣಿ ಕಾರ್ಮಿಕರ ಸಂಭಾಷಣೆಯಲ್ಲಿ ಅದೇ ಸ್ಮೃತಿಯನ್ನು ನೇಯಿತು. 'ಅಧಾಂತರ್' 2010ರಲ್ಲಿ ಮಹೇಶ ಮಾಂಜ್ರೇಕರರ ಚಲನಚಿತ್ರಕ್ಕೆ ಆಧಾರವಾಯಿತು. ಗಿರಣಿಯಿದ್ದಲ್ಲಿ ಮಾಲ್ ಎದ್ದ ಫೀನಿಕ್ಸಿನ ಹೆಸರನ್ನೇ ಹೊತ್ತ ಕಥಾಸಂಕಲನಕ್ಕೆ ಪವಾರರು 2012ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಪಡೆದರು, 2021ರಲ್ಲಿ ತೀರಿಕೊಂಡರು. ನೂರು ವರ್ಷ ದಾಟಿದ ಪರೇಲಿನ ದಾಮೋದರ ಸಭಾಗೃಹವನ್ನು ಪುನರ್ನಿರ್ಮಾಣದ ನಿಮಿತ್ತ 2023ರಲ್ಲಿ ಮುಚ್ಚಿದಾಗ, ರಂಗಕರ್ಮಿಗಳು ಪ್ರತಿಭಟನೆಗಿಳಿದರು.