ಲಗೋರಿಗೆ ಊರು ಯಾವುದು?

ಅರಸರ ವಿನೋದಗಳಿಗೆ ಗ್ರಂಥಗಳಿವೆ. ಕಲ್ಯಾಣ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲಯುದ್ಧ, ಕೋಳಿ ಕಾಳಗ, ಮೀನು ಹಿಡಿಯುವುದು, ಬೇಟೆ ಇವೆಲ್ಲಕ್ಕೂ ಅಧ್ಯಾಯಗಳೇ ಮೀಸಲಾಗಿವೆ. ಅಂಗಳದ ಮಕ್ಕಳಿಗೆ ಅಂಥ ಅದೃಷ್ಟವಿಲ್ಲ. ಅವರ ಆಟ ಬಾಯಿಂದ ಬಾಯಿಗೆ ಬಂದದ್ದು. ಆ ಖಾಲಿ ಜಾಗಕ್ಕೆ ಯಾರು ಬೇಕಾದರೂ ತಮ್ಮ ಇಷ್ಟದ ಕತೆಯನ್ನು ತುಂಬಬಹುದು, ತುಂಬಿದ್ದಾರೆ ಕೂಡ.

ಲಗೋರಿಯ ವಿಷಯವನ್ನೇ ನೋಡಿ. ಭಾಗವತದ ಕೃಷ್ಣ ಗೆಳೆಯರ ಜೊತೆ ಆಡಿದ್ದು ಲಗೋರಿಯನ್ನೇ, ಆದ್ದರಿಂದ ಅದಕ್ಕೆ ಐದು ಸಾವಿರ ವರ್ಷ ಎಂದು ಹೇಳುವವರಿದ್ದಾರೆ. ಚೆಂಡು ಇದ್ದಲ್ಲೆಲ್ಲ ಲಗೋರಿ ಇತ್ತು ಎನ್ನಲು ಬರುವುದಿಲ್ಲ. ಇದಕ್ಕೆ ಎದುರು ವಾದವನ್ನೂ ಹೂಡಬಹುದು. ಇರಾನ್ ಮತ್ತು ಅಫ್ಘಾನಿಸ್ತಾನದ ಮಕ್ಕಳು ಇದೇ ಆಟವನ್ನು 'ಹಫ್ತ್ ಸಂಗ್' ಎಂದು ಕರೆಯುತ್ತಾರೆ. ಫಾರಸಿಯಲ್ಲಿ ಹಾಗೆಂದರೆ ಏಳು ಕಲ್ಲು. ನಮ್ಮ 'ಹಫ್ತಾ'ದಲ್ಲಿರುವ ಹಫ್ತ್ ಕೂಡ ಇದೇ. ಹಾಗಾದರೆ ಕುದುರೆಯೇರಿ ಬಂದವರು ಇದನ್ನು ತಂದರೆ? ಅದಕ್ಕೂ ಆಧಾರವಿಲ್ಲ. ಏಳು ಚಪ್ಪಟೆ ಕಲ್ಲು, ಒಂದು ಚೆಂಡು ಇರುವಲ್ಲಿ ಮಕ್ಕಳಿಗೆ ಇನ್ನೊಬ್ಬರು ಬಂದು ಆಟ ಕಲಿಸಬೇಕೆಂದೇನೂ ಇಲ್ಲ.

ಹೆಸರುಗಳು ಇದಕ್ಕಿಂತ ಹೆಚ್ಚು ಪ್ರಾಮಾಣಿಕ. ತೆಲುಗಿನಲ್ಲಿ ಇದು ಏಡು ಪೆಂಕುಲಾಟ, ಬಂಗಾಳಿಯಲ್ಲಿ ಸಾತ್‌ಚಾಡಾ. ಪೆಂಕು ಎಂದರೂ ಚಾಡಾ ಎಂದರೂ ಒಡೆದ ಮಡಕೆ, ಹೆಂಚುಗಳ ಚೂರು. ಅಂದರೆ ಮನೆಯವರು ಬಿಸಾಡಿದ್ದೇ ಮಕ್ಕಳ ಸಲಕರಣೆ. ಪಂಜಾಬಿನಲ್ಲಿ ಗಡಿಯ ಎರಡೂ ಕಡೆ ಪಿಟ್ಟು ಎನ್ನುತ್ತಾರೆ. 1947ರಲ್ಲಿ ಎಳೆದ ಗೆರೆ ಈ ಹೆಸರನ್ನು ಮಾತ್ರ ತುಂಡರಿಸಲಿಲ್ಲ. ಕನ್ನಡಿಗರೂ ಮರಾಠಿಗರೂ ಹಂಚಿಕೊಂಡಿರುವ 'ಲಗೋರಿ'ಯಲ್ಲಿ ಮಾತ್ರ ಏಳೂ ಇಲ್ಲ, ಕಲ್ಲೂ ಇಲ್ಲ.

ವಸ್ತುಗಳೂ ಮಾತಾಡುತ್ತವೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ನಂತರ ಕರಾವಳಿಯ ಮಾಡುಗಳ ಮೇಲೆ ಹೆಂಚು ಹರಡಿತು. ಮಳೆಗಾಲಕ್ಕೆ ಮುಂಚೆ ಮಾಡು ಕೈಯಾಡಿಸುವಾಗ ಒಡೆದು ಬಿದ್ದ ಹೆಂಚನ್ನು ಕಲ್ಲಿನಿಂದ ಕುಟ್ಟಿ ದುಂಡಗೆ ಮಾಡಿದರೆ ಲಗೋರಿಯ ಬಿಲ್ಲೆ ಸಿದ್ಧ. ಚೆಂಡಿನದ್ದೂ ಹೀಗೆಯೇ. ತೆಂಗಿನ ಗರಿಯಲ್ಲಿ ಹೆಣೆದದ್ದು, ಚಿಂದಿ ಬಟ್ಟೆಯನ್ನು ಸುತ್ತಿದ್ದು, ಅದರ ಮೇಲೆ ಸೈಕಲ್ ಟ್ಯೂಬನ್ನು ಬಳೆಗಳಂತೆ ಕತ್ತರಿಸಿ ತೊಡಿಸಿದ್ದು. ಗಾಳಿ ತುಂಬುವ ಟಯರನ್ನು ಡನ್‌ಲಪ್ ರೂಪಿಸಿದ್ದು 1888ರಲ್ಲಿ. ಹಾಗಾಗಿ ಪುಟಿಯುವ ಆ ಟ್ಯೂಬು ಚೆಂಡಿನ ವಯಸ್ಸು ಅದಕ್ಕಿಂತ ಕಡಿಮೆಯೇ. ಬೆನ್ನಿಗೆ ಬಿದ್ದರೆ ಬರೆ ಏಳುತ್ತಿತ್ತು ಎಂಬುದನ್ನು ಆಡಿದವರು ಮರೆತಿರಲಾರರು.

ಆಡದವರಿಗಾಗಿ ನಿಯಮಗಳನ್ನು ಹೇಳಿಬಿಡುತ್ತೇನೆ. ಎರಡು ತಂಡ. ದೊಡ್ಡ ಬಿಲ್ಲೆ ಕೆಳಗೆ, ಸಣ್ಣದು ಮೇಲೆ ಬರುವಂತೆ ಏಳನ್ನು ಪೇರಿಸಬೇಕು. ಗೆರೆಯ ಹಿಂದೆ ನಿಂತು ಚೆಂಡೆಸೆಯಲು ಸಾಮಾನ್ಯವಾಗಿ ಮೂರು ಅವಕಾಶ. ಗೋಪುರ ಉರುಳಿದರೆ ಎಸೆದ ತಂಡ ಅದನ್ನು ಮತ್ತೆ ಪೇರಿಸಬೇಕು. ಎದುರಾಳಿಗಳು ಅವರಿಗೆ ಚೆಂಡಿನಿಂದ ಹೊಡೆದು ಔಟ್ ಮಾಡಬೇಕು. ಪೇರಿಸಿ 'ಲಗೋರಿ' ಎಂದು ಕೂಗಿದರೆ ಗೆಲುವು. ಪುಟಿದ ಚೆಂಡನ್ನು ಹಿಡಿದರೆ ಎಸೆದವನು ಔಟೇ? ಚೆಂಡು ಹಿಡಿದು ಓಡಬಹುದೇ? ತಲೆಗೆ ಬಿದ್ದರೆ ಲೆಕ್ಕವೇ? ಇವಕ್ಕೆ ಕೇರಿಗೊಂದು ಉತ್ತರ. ಅಂಪೈರ್ ಇಲ್ಲದ ಕಾರಣ ಆಟಕ್ಕೆ ಮುಂಚೆ ಮಾತುಕತೆ, ನಡುವೆ ಜಗಳ, ಮತ್ತೆ ರಾಜಿ. ನನ್ನ ದೃಷ್ಟಿಯಲ್ಲಿ ಆಟದ ಅರ್ಧ ಭಾಗ ಅದೇ.

ತಂತ್ರದ ತಿರುಳು ಮೊದಲ ಎಸೆತದಲ್ಲಿದೆ. ಬಲವಾಗಿ ಬೀಸಿದರೆ ಬಿಲ್ಲೆಗಳು ನಾಲ್ಕು ದಿಕ್ಕಿಗೆ ಚದುರುತ್ತವೆ, ಹೆಕ್ಕುವುದು ಕಷ್ಟ. ಆದರೆ ಚೆಂಡೂ ದೂರ ಹೋಗುವುದರಿಂದ ಸಮಯ ಸಿಗುತ್ತದೆ. ಮೇಲಿನ ಎರಡನ್ನು ಮಾತ್ರ ಸವರಿ ಬೀಳಿಸಿದರೆ ಪೇರಿಸುವ ಕೆಲಸ ಕಡಿಮೆ; ಆದರೆ ಚೆಂಡು ಶತ್ರುವಿನ ಕಾಲಬುಡದಲ್ಲೇ ಇರುತ್ತದೆ. ಪಳಗಿದವರು ಮೈದಾನದ ಇಳಿಜಾರು ನೋಡಿ ತೀರ್ಮಾನಿಸುತ್ತಾರೆ. ನಂತರ ವೇಗದ ಓಟಗಾರ ಎದುರಿಗೇ ಸುಳಿದಾಡಿ ಚೆಂಡನ್ನು ತನ್ನತ್ತ ಎಳೆಯಬೇಕು, ಅಷ್ಟರಲ್ಲಿ ಇನ್ನೊಬ್ಬರು ಕೂತು ಎರಡು ಬಿಲ್ಲೆ ಇಟ್ಟು ಓಡಬೇಕು. ಈ ಕೆಲಸಕ್ಕೆ ಗಿಡ್ಡಗಿನ, ಬೇಗ ಬಾಗಬಲ್ಲ ಚಿಕ್ಕವರೇ ಲೇಸು. ಆದ್ದರಿಂದಲೇ ಬೇರೆ ಆಟಗಳಲ್ಲಿ 'ಲೆಕ್ಕಕ್ಕಿಲ್ಲ'ದ ತಮ್ಮ ತಂಗಿಯರಿಗೆ ಇಲ್ಲಿ ಬೆಲೆಯಿತ್ತು. ಕಾಯುವ ತಂಡ ಜಾಣವಾದರೆ ಓಡುವವನ ಹಿಂದೆ ಬೀಳುವುದಿಲ್ಲ. ಒಬ್ಬನನ್ನು ಗೋಪುರದ ಬಳಿ ನಿಲ್ಲಿಸಿ ಚೆಂಡನ್ನು ಅವನಿಗೇ ದಾಟಿಸುತ್ತದೆ.

1983ರ ವಿಶ್ವಕಪ್ ಗೆಲುವಿನ ನಂತರ ಕ್ರಿಕೆಟ್ ಗಲ್ಲಿಗಲ್ಲಿಗೂ ನುಗ್ಗಿತು. ಟೆನಿಸ್ ಚೆಂಡು ಲಗೋರಿಗೂ ಒದಗಿತು, ಆದರೆ ಆ ಚೆಂಡು ಕೈಗೆ ಬಂದ ಮಕ್ಕಳು ಬ್ಯಾಟನ್ನೇ ಹುಡುಕಿದರು. ಈಚಿನ ವರ್ಷಗಳಲ್ಲಿ ಅಳತೆ ಮಾಡಿದ ಅಂಗಣ, ಸಮವಸ್ತ್ರ, ತೀರ್ಪುಗಾರರ ಸಮೇತ ಲಗೋರಿ ಪಂದ್ಯಾವಳಿಗಳೂ ನಡೆಯುತ್ತಿವೆ. ಒಳ್ಳೆಯದೇ. ಆದರೆ ಅಲ್ಲಿ ಜಗಳವಾಡಿ ರಾಜಿಯಾಗುವ ಅಧಿಕಾರ ಮಕ್ಕಳ ಕೈಯಲ್ಲಿಲ್ಲ.

ಹೆಂಚಿನ ಮಾಡುಗಳು ತಾರಸಿಯಾಗುತ್ತಿವೆ, ಬಿಲ್ಲೆಗೆ ಚೂರು ಸಿಗುವುದು ಕಷ್ಟವಾಗಿದೆ. ಮನೆ ಕಟ್ಟಿ ಉಳಿದ ನುಣುಪು ಟೈಲ್ಸ್ ತುಂಡುಗಳನ್ನು ಪೇರಿಸಿದರೆ ನಾಲ್ಕನೆಯದಕ್ಕೇ ಜಾರುತ್ತವೆ. ಅವನ್ನು ಮಗುಚಿ, ಒರಟು ಬದಿ ಮೇಲೆ ಬರುವಂತೆ ಇಡಬೇಕು.