ಅನುಪಾಲನಾ ಗೃಹ

‘ಅನು’ ಎಂಬ ಉಪಸರ್ಗಕ್ಕೆ ‘ಹಿಂಬಾಲಿಸಿ’ ಎಂಬ ಅರ್ಥವಿರುವುದರಿಂದ, ಬಾಲಮಂದಿರದ ಪಾಲನೆ ತೀರಿದ ಬೆನ್ನಿಗೇ ದೊರೆಯತಕ್ಕ ಆಶ್ರಯಕ್ಕೆ ಸರ್ಕಾರೀ ಕನ್ನಡವು ‘ಅನುಪಾಲನೆ’ ಎಂಬ ತತ್ಸಮವನ್ನು ಆರಿಸಿಕೊಂಡುದು ಉಚಿತವೇ ಸರಿ. 18 ವರ್ಷ ತುಂಬಿ ಸಂಸ್ಥೆಯಿಂದ ಹೊರಬೀಳುವ ತರುಣರಿಗೆ 21ರವರೆಗೂ ಇಂಥ ಆಸರೆಯನ್ನು 2015ರ ಬಾಲನ್ಯಾಯ ಕಾಯ್ದೆ ಕಲ್ಪಿಸಿದೆ.

ಇದು ಕಚೇರಿಯ ಮಾತಾಯಿತು; ಶಹಾಪುರ ಸೀಮೆಯ ಗೋಗಿಯ ಕಡೆ ಇಂಥ ದಿಕ್ಕಿಲ್ಲದವನಿಗೆ ಆಡುಮಾತು ‘ಪರದೇಸಿ’. ಅನ್ಯದೇಶದವನೆಂಬ ಮೂಲಾರ್ಥ ಸವೆದು ಅನಾಥನೆಂಬ ಅರ್ಥ ನೆಲೆಗೊಂಡ ಆ ಊರಿನಲ್ಲಿಯೇ, ಚಂದಾ ಹುಸೇನಿಯ ದರ್ಗಾದ ಆವರಣದಲ್ಲಿ, ಹೊರನಾಡಿನಿಂದ ಬಂದು ಬಿಜಾಪುರದ ಅರಸನಾದ ಯೂಸುಫ್ ಆದಿಲ್ ಶಾಹನ ಸಮಾಧಿಯಿರುವುದೊಂದು ವಿನೋದ. ‘ಏ ಪರದೇಸಿ’ ಎಂದರೆ ಬೈಗುಳ. ‘ಪರದೇಸಿ ಕೂಸದ, ಉಣ್ಣಾಕ ನೀಡ್ರಿ’ ಎಂದರೆ ಅಂತಃಕರಣ. ‘ಅನುಪಾಲನೆ’ಯಾದರೋ ಕಚೇರಿಯ ಫಲಕದಿಂದ ಕೆಳಗಿಳಿದು ಬೈಗುಳಕ್ಕಾಗಲಿ ಅಕ್ಕರೆಗಾಗಲಿ ಇನ್ನೂ ಒದಗಿಲ್ಲ.